ಪರಲೋಕದವನ ಊಟ

ಆಕಾಶದಲ್ಲಿ ಇನ್ನೂ ಎರಡು ಚಂದ್ರರಿದ್ದ ಕಾಲದಲ್ಲಿ ಇದು ನಡೆಯಿತು. ಕಿರುಗಡ ರಾಜ್ಯದ ಬೆಟ್ಟದ ಮೇಲೆ ಒಂದು ನಕ್ಷತ್ರ ಬಿತ್ತು. ಅದರೊಳಗಿಂದ ನೀಲಿ ಮೈಯವನೊಬ್ಬ ಇಳಿದ. ಕುರಿ ಕಾಯುವ ಮಾಳವ್ವ ಅವನ ಕೈಹಿಡಿದು ಕೋಟೆಬಾಗಿಲಿಗೆ ಕರೆತಂದಳು.

“ಯಾರವ್ವಾ ಇವನು?” ಎಂದ ಕಾವಲುಗಾರ, ಬುತ್ತಿ ಬಿಚ್ಚುತ್ತಾ.

“ನಮ್ಮ ಲೋಕದವನಲ್ಲ ಅಣ್ಣಾ. ಪರಲೋಕದವನು.”

ಕಾವಲುಗಾರನ ಮುಖ ಬಿಳಿಚಿತು. ತಾನೇನಂದೆನೆಂದು ಮಾಳವ್ವನಿಗೆ ಆಗ ಹೊಳೆಯಿತು. ಪರಲೋಕವೆಂದರೆ ಸತ್ತವರ ಲೋಕ. ಪರಲೋಕದವರೆಲ್ಲ ಮಾಂತ್ರಿಕ ಧೂಮಕೇಶನಿಗೆ ಸೇರತಕ್ಕದ್ದೆಂದು ರಾಜ ಹಿಂದೆ ಮಾತು ಕೊಟ್ಟಿದ್ದ. ದೂರದೇಶದವರನ್ನೂ ಧೂಮಕೇಶ ಹಾಗೆಂದೇ ಕರೆದು ಪಾಳುಬಾವಿಗೆ ಇಳಿಸುತ್ತಿದ್ದ.

ಆ ಪದ ಕಿವಿಗೆ ಬಿದ್ದದ್ದೇ ತಡ, ಎಲ್ಲಿಂದಲೋ ಎದ್ದ ಹೊಗೆಯೊಳಗಿಂದ ಧೂಮಕೇಶ ಬಂದ. “ಇವನು ನನ್ನವನು.”

ಗದ್ದಲ ಕೇಳಿ ರಾಜನೂ ಬಂದ. ಮಾಳವ್ವ ಅವನ ಕಾಲು ಹಿಡಿದಳು. “ಬಾಯಿ ತಪ್ಪಿ ಅಂದೆ ಬುದ್ಧೀ! ಉಸಿರಾಡ್ತಿದ್ದಾನೆ ನೋಡಿ.”

“ಮೂರು ಪರೀಕ್ಷೆ ಆಗಲಿ,” ಎಂದ ರಾಜ. “ಒಂದರಲ್ಲಿ ಗೆದ್ದರೂ ಬದುಕಿದವನೇ.”

ಮೊದಲನೆಯದು ನೆರಳು. ಸತ್ತವರಿಗೆ ನೆರಳಿಲ್ಲ. ನೀಲಿಯವನಿಗೆ ಇತ್ತು, ಆದರೆ ಸೂರ್ಯನ ಕಡೆಗೇ ಬಿದ್ದಿತ್ತು. “ಇದೆಂಥ ನೆರಳು?” ಎಂದು ಧೂಮಕೇಶ ತಳ್ಳಿಹಾಕಿದ.

ಎರಡನೆಯದು ಪಾದ. ದೆವ್ವದ ಪಾದ ಹಿಂದುಮುಂದಾಗಿರುತ್ತದೆ. ಇವನ ಪಾದ ರೊಟ್ಟಿಯಂತೆ ದುಂಡಗೆ, ಬೆರಳೇ ಇಲ್ಲ. “ಇದರಲ್ಲಿ ಮುಂದೆ ಯಾವುದು? ನೀನೇ ಹೇಳಮ್ಮ ಜಾಣೆ!” ಎಂದ ಧೂಮಕೇಶ. ಜನ ನಕ್ಕರು.

“ಹೆದರಬೇಡ,” ಎಂದಳು ಮಾಳವ್ವ. ನಡುಗುತ್ತಿದ್ದವಳು ಅವಳೇ.

ಮೂರನೆಯದು ಎಡೆ. ನೀಲಿಯವನ ಹೆಸರಿಗೆ ಬಾಳೆಲೆಯಲ್ಲಿ ಸಪ್ಪೆ ಅನ್ನದ ಉಂಡೆ ಇಟ್ಟರು. ಕಾಗೆ ಮುಟ್ಟಿದರೆ ಅವನು ಸತ್ತವನು. ಕಾಗೆ ಧೂಮಕೇಶನದೇ, ಕಬ್ಬಿಣದ ಕೊಕ್ಕಿನದು. ಎಡೆ ಸಿಕ್ಕರೆ ಎಡೆಯವನ ಪ್ರಾಣ ತೆಗೆಯುತ್ತದೆ, ಸಿಗದಿದ್ದರೆ ಕಳಿಸಿದವನದು. ಅದರ ಮಂತ್ರ ಹಾಗಿತ್ತು.

ಕಾಗೆ ಸುತ್ತುತ್ತಾ ಇಳಿಯತೊಡಗಿತು. ನೀಲಿಯವನು ಕಾಗೆಯನ್ನು ನೋಡಲಿಲ್ಲ, ಅನ್ನವನ್ನೇ ನೋಡುತ್ತಿದ್ದ. ಅವನ ಗಂಟಲು ಏರಿ ಇಳಿಯಿತು.

ಅಯ್ಯೋ, ಇವನಿಗೆ ಹಸಿವು!

ಸತ್ತವರ ಎಡೆಗೆ ಉಪ್ಪು ಹಾಕುವುದಿಲ್ಲ; ಉಪ್ಪು ಬಿದ್ದರೆ ಅದು ಬದುಕಿದವರ ಊಟ. ಮಾಳವ್ವ ಕಾವಲುಗಾರನ ಬುತ್ತಿಗೆ ಕೈಹಾಕಿದಳು.

“ಏಯ್, ನನ್ನ ಬುತ್ತಿ!”

“ಚಿಟಿಕೆ ಉಪ್ಪು ಕಣಣ್ಣಾ!” ಅನ್ನಕ್ಕೆ ಉದುರಿಸಿ ಎಲೆಯನ್ನು ನೀಲಿಯವನ ಮುಂದೆ ಸರಿಸಿದಳು. “ಉಣ್ಣಪ್ಪ, ನಾಚ್ಕೋಬೇಡ.”

ಅವನು ಉಂಡ. ಎಲೆಯನ್ನೂ ನೆಕ್ಕಿದ. ಕಾಗೆ ಇಳಿದಾಗ ಅಲ್ಲಿ ಎಡೆ ಇರಲಿಲ್ಲ.

ಅದು ಒಡೆಯನ ಕಡೆ ತಿರುಗಿತು. ಧೂಮಕೇಶ ಹೊಗೆಯಾಗಿ ಓಡಿದ. ಕಾಗೆ ಹೊಗೆಯನ್ನೂ ಕುಕ್ಕಿ ಮುಗಿಸಿತು.

ಪಾಳುಬಾವಿಯಲ್ಲಿದ್ದ ನೂರ ಆರು ಜನ ಒಬ್ಬೊಬ್ಬರಾಗಿ ಮೇಲೆ ಬಂದರು. ಅಂದಿನಿಂದ ಕಿರುಗಡದವರು ಸುಖವಾಗಿದ್ದರು. ಬಂದವರನ್ನು ಯಾವ ಲೋಕದವರೆಂದು ಕೇಳುವುದು ಬಿಟ್ಟು “ಊಟ ಆಯ್ತಾ?” ಎಂದು ಕೇಳತೊಡಗಿದರು. ಆ ಮಧ್ಯಾಹ್ನ ಕೋಟೆಯಲ್ಲಿ ಹಾಕಿದ ಎಲೆ ನೂರ ಏಳು.