ಯು ಆದ ಮೇಲೆ ಎಚ್

ಇಪ್ಪತ್ತಾರು ದಿನ ಮುಖ ತೋರಿಸದವನು ಆ ಬೆಳಿಗ್ಗೆ ಬಂದ. ಬಂದಿದ್ದೂ ಬೇರೆಯವರ ಅಂಗಡಿಯಲ್ಲಿ ಹಾಕಿಸಿದ ನಾಲ್ಕು ಹೊಸ ಟೈರಿನ ಮೇಲೆ. ನನಗೆ ಮೈಯೆಲ್ಲ ಉರಿಯಿತು.

ಸಿಟ್ಟು ನನಗೆ ಮೊದಲಿಂದಲೂ ಮೂಗಿನ ತುದಿಯಲ್ಲೇ. ಅಪ್ಪನ ಈ ಟೈರ್ ಅಂಗಡಿಯನ್ನು ನಾನು ನೋಡಿಕೊಳ್ಳತೊಡಗಿ ಆರು ವರ್ಷವಾಯಿತು. ಫಿಟ್ಟರುಗಳು ಬೆನ್ನ ಹಿಂದೆ ನನ್ನನ್ನು 'ಪ್ರೆಶರ್' ಅನ್ನುತ್ತಾರೆ. ಅನ್ನಲಿ. ಗಾಳಿ ಹೋದ ಟೈರಿಗಿಂತ ಅದೇ ವಾಸಿ.

ಅವನು ಒಬ್ಬ ಸಾಹೇಬರ ಡ್ರೈವರ್. ಸಾಹೇಬರದು ಹಳೆಯ ಕಪ್ಪು ಕಾರು, ತೂಕದಲ್ಲಿ ಆನೆ, ಬೆಲೆಯಲ್ಲೂ ಆನೆ. ನಾಲ್ಕು ವರ್ಷದಿಂದ ಅದರ ಚಕ್ರದ ಕೆಲಸವೆಲ್ಲ ನಮ್ಮಲ್ಲೇ. ಅಲೈನ್‌ಮೆಂಟಿಗೆ ಅಂದರೆ ಚಕ್ರದ ಓರೆ ತಿದ್ದಲು ಗಾಡಿಯನ್ನು ಮೆಷಿನ್ ಮೇಲೆ ಹತ್ತಿಸಿದಾಗ ಒಬ್ಬರು ಒಳಗೆ ಕೂತು ಸ್ಟೀರಿಂಗನ್ನು ನೇರ ಹಿಡಿದಿರಬೇಕು. ಅವನೇ ಹಿಡಿಯುತ್ತಿದ್ದ. ಕೈ ನೇರವಾಗೇ ಇರುತ್ತಿತ್ತು, ಕಣ್ಣು ಮಾತ್ರ ಒಳಗಿನ ಕನ್ನಡಿಯಲ್ಲಿ. ನಾನು ಎಡಗಡೆಯ ಚಕ್ರಕ್ಕೆ ಹೋದರೆ ಕನ್ನಡಿ ಒಂಚೂರು ಎಡಕ್ಕೆ ತಿರುಗುತ್ತಿತ್ತು, ಬಲಕ್ಕೆ ಬಂದರೆ ಬಲಕ್ಕೆ.

"ಮುಂದೆ ನೋಡ್ರೀ" ಅಂತ ಗದರುತ್ತಿದ್ದೆ.

"ಹಿಂದೆ ಯಾರು ಬರ್ತಿದಾರೆ ಅಂತ ನೋಡೋದು ಡ್ರೈವರ್ ಧರ್ಮ, ಮೇಡಂ" ಅನ್ನುತ್ತಿದ್ದ. ನಿಂತ ಗಾಡಿಯಲ್ಲಿ!

ಹೋದ ತಿಂಗಳು ಅದೆಲ್ಲ ನಿಂತುಹೋಯಿತು. ಮುಂದಿನ ಚಕ್ರಕ್ಕೆ ನಾನು ಗಾಳಿ ಹಿಡಿಯುತ್ತಿದ್ದಾಗ, ಮೂವರು ಗಿರಾಕಿಗಳ ಎದುರಿಗೆ, ಇದು ಕಮ್ಮಿಯಾಯಿತು ಮೇಡಂ, ಮೂವತ್ತಾರು ಇರಬೇಕು ಅಂದ. ಅವನು ಹೇಳಿದ್ದೇ ಸರಿ. ಅದಕ್ಕೇ ನನಗೆ ತಡೆಯಲಾಗಲಿಲ್ಲ. "ನೀನು ಬರೀ ಡ್ರೈವರ್. ಓಡಿಸೋದಷ್ಟೇ ನಿನ್ನ ಕೆಲಸ" ಅಂದುಬಿಟ್ಟೆ. ನಾಲ್ಕು ವರ್ಷ 'ನೀವು' ಅಂತಿದ್ದ ಬಾಯಿಂದ ಮೊದಲ 'ನೀನು' ಬಂದದ್ದು ಹಾಗೆ. ಅವನು ಕೀ ತೆಗೆದುಕೊಂಡು ಹೋದ.

ಕೋಪದಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬರುತ್ತೇನಮ್ಮಾ ಎಂದು ಅವತ್ತು ಅಪ್ಪ ಕೇಳಿದ್ದರು. ತಪ್ಪು ನನ್ನದೇ ಅಂತ ನನಗೂ ಗೊತ್ತಿತ್ತು. ತಪ್ಪು ನಮ್ಮದೇ ಆದಾಗ ಸಿಟ್ಟು ಎರಡರಷ್ಟು ಬರುತ್ತದೆ. ಅವನ ನಂಬರನ್ನು ದಿನಕ್ಕೆ ಹತ್ತು ಸಲ ತೆರೆದು ನೋಡಿದೆ, ಒಂದು ಸಲವೂ ಒತ್ತಲಿಲ್ಲ.

ಈಗ ಬಂದವನು ನನ್ನ ಮುಖ ನೋಡದೆ ಗೋಡೆಗೆ ಹೇಳುವಂತೆ ಹೇಳಿದ. ಅಲೈನ್‌ಮೆಂಟ್ ಆಗಬೇಕು, ಮೆಷಿನ್ ಈ ಕಡೆ ಇಲ್ಲೊಂದೇ ಇರುವುದು, ಸಾಹೇಬರು ಮಧ್ಯಾಹ್ನ ಬೇರೆ ಊರಿಗೆ ಹೊರಡುತ್ತಾರೆ. 'ಮೇಡಂ' ಇಲ್ಲ, ನಗು ಇಲ್ಲ.

ನಾನು ಕುಕ್ಕರಗಾಲಲ್ಲಿ ಕೂತು ಟೈರಿನ ಪಕ್ಕದ ಬರಹ ಓದಿದೆ. ಅಳತೆ ಸರಿ, ಹೊರೆಯ ಅಂಕಿ ಸರಿ. ಅದರ ಪಕ್ಕದ ಅಕ್ಷರ ನೋಡಿದವಳೇ ಹಾವು ತುಳಿದಂತೆ ಎದ್ದೆ.

"ಈ ಗಾಡಿಗೆ ಎಚ್ ಬೇಕು. ಇದು ಟಿ."

"ಗೊತ್ತು. ಎಚ್ ಅಂತ ಬಾಗಿಲ ಒಳಗೆ ಸ್ಟಿಕ್ಕರಲ್ಲೇ ಇದೆ. ಅದಕ್ಕೇ ಟಿ ಕೇಳಿ ಹಾಕಿಸಿದೆ. ಎಚ್‌ಗಿಂತ ಹನ್ನೆರಡು ಅಕ್ಷರ ಮುಂದೆ." ಅವನ ದನಿಯಲ್ಲಿ ಹೆಮ್ಮೆ ಇತ್ತು. ಬರೀ ಡ್ರೈವರ್ ಅಲ್ಲ ಎಂದು ನನಗೆ ತೋರಿಸಲು ಕೂತು ಎಣಿಸಿದ್ದಾನೆ.

ರಟ್ಟೆ ಹಿಡಿದು ಎಳೆದುಕೊಂಡು ಹೋಗಿ ಗೋಡೆಯ ಪಟ್ಟಿಯ ಮುಂದೆ ನಿಲ್ಲಿಸಿದೆ. ಯಾವ ಅಕ್ಷರದ ಟೈರು ಎಷ್ಟು ವೇಗ ತಡೆಯುತ್ತದೆ ಎಂಬ ಪಟ್ಟಿ ಅದು. ಬೆರಳಿಟ್ಟು ಓದಿಸಿದೆ. ಎಸ್, ಟಿ, ಯು, ಅದಾದ ಮೇಲೆ ಎಚ್, ಆಮೇಲೆ ವಿ. ಬೇರೆ ಅಕ್ಷರಗಳೆಲ್ಲ ಶಾಲೆಯ ಸಾಲಿನಂತೆ ನಿಂತಿದ್ದರೆ ಎಚ್ ಒಂದು ಮಾತ್ರ ತನ್ನ ಜಾಗ ಬಿಟ್ಟು ಯು ಪಕ್ಕ ಹೋಗಿ ನಿಂತಿದೆ. ಟಿ ನೂರ ತೊಂಬತ್ತಕ್ಕೆ ಮುಗಿಯುತ್ತದೆ, ಎಚ್ ಇನ್ನೂರ ಹತ್ತರವರೆಗೆ ಹೋಗುತ್ತದೆ.

ಅವನ ಮುಖ ಸಣ್ಣದಾಯಿತು. ಆದರೂ ಸೋಲಲಿಲ್ಲ. ಇಪ್ಪತ್ತು ಕಿಲೋಮೀಟರಿಗೆ ಇಷ್ಟು ಕೂಗಾಟವೇ ಅಂದ.

ನಾನು ಕಾರಿನ ಬಾಗಿಲಿಂದ ಕೀ ಕಿತ್ತುಕೊಂಡೆ. ಅವನ ಸಾಹೇಬರನ್ನು ನಾನು ಬಲ್ಲೆ. ಹೆದ್ದಾರಿಯ ವೇಗದ ಮಿತಿಯನ್ನು ಅವರು ಲೆಕ್ಕಕ್ಕೇ ಇಡುವುದಿಲ್ಲ. ಹಿಂದಿನ ಸೀಟಿನಿಂದ ಇವನ ಭುಜ ತಟ್ಟಿ ತಟ್ಟಿ 'ಇನ್ನೂರು ಮುಟ್ಟಿಸು' ಅನ್ನುವ ಮನುಷ್ಯ. ಮಧ್ಯಾಹ್ನದ ಬಿಸಿಲು, ಆನೆಯಂಥ ಗಾಡಿ. ಒಳಗೊಳಗೇ ಕಾದ ರಬ್ಬರು ಪದರ ಪದರವಾಗಿ ಬಿಟ್ಟುಕೊಂಡರೆ ಗಾಡಿ ಯಾರ ಮಾತೂ ಕೇಳುವುದಿಲ್ಲ. ಇಷ್ಟನ್ನೂ ಒಂದೇ ಉಸಿರಿಗೆ ಕೂಗಿದೆ.

"ಕೀ ಕೊಡಿ. ನನ್ನ ಕೆಲಸ ಹೋಗುತ್ತೆ."

"ಹೋಗ್ಲಿ. ಹಾಕಿಸೋಕೆ ಮುಂಚೆ ನನ್ನನ್ನ ಒಂದು ಮಾತು ಕೇಳೋಕೆ ಏನಾಗಿತ್ತು?"

"ಬರೀ ಡ್ರೈವರ್ ಏನಂತ ಕೇಳಬೇಕಿತ್ತು?" ಈಗ ಅವನೂ ದನಿ ಎತ್ತಿದ. "ಗಾಡಿ ನಿಮ್ಮದಲ್ಲ, ಟೈರ್ ನಿಮ್ಮದಲ್ಲ. ನಿಮಗ್ಯಾಕೆ ಇಷ್ಟು ಉರಿ?"

"ಆ ಸೀಟಲ್ಲಿ ಕೂರೋನು ನೀನು ಕಣೋ."

ಬೋಲ್ಟ್ ಬಿಚ್ಚುತ್ತಿದ್ದ ಫಿಟ್ಟರು ಬೋಲ್ಟನ್ನೇ ಮರೆತ.

"ಮತ್ತೆ ಏಕವಚನ" ಅಂದ ಅವನು, ಮೆಲ್ಲಗೆ.

"ಹೋದ ತಿಂಗಳದು ಬೇರೆ, ಇದು ಬೇರೆ." ಕೀಯನ್ನು ಜೇಬಿಗೆ ಹಾಕಿಕೊಂಡೆ. "ಅವತ್ತು ಅಂದಿದ್ದು ತಪ್ಪು. ಮೂವತ್ತಾರೇ ಇರಬೇಕಿತ್ತು. ಆಯ್ತಾ? ಇನ್ನೊಂದ್ ಸಲ ಹೇಳಲ್ಲ."

ಅಷ್ಟು ಹೇಳಿ ಒಳಗೆ ಹೋದೆ. ಅವನ ಹಳೆಯ ಟೈರು ಸವೆಯುತ್ತ ಬಂದದ್ದನ್ನು ನೋಡಿ ಎರಡು ತಿಂಗಳ ಹಿಂದೆಯೇ ನಾಲ್ಕು ಎಚ್ ತರಿಸಿ ಎತ್ತಿಟ್ಟಿದ್ದೆ. ಒಂದೊಂದಾಗಿ ಉರುಳಿಸಿಕೊಂಡು ಬಂದೆ. ಎತ್ತಿಟ್ಟ ಟೈರಿನ ಮೇಲೆ ಗಾಡಿಯ ನಂಬರನ್ನು ಸೀಮೆಸುಣ್ಣದಲ್ಲಿ ಬರೆಯುವುದು ನಮ್ಮ ಪದ್ಧತಿ. ಆದರೆ ಆ ನಾಲ್ಕರ ಮೇಲೂ ನಾನು ಬರೆದದ್ದು ನಂಬರಲ್ಲ ಎನ್ನುವುದು ಅವನು ಬಗ್ಗಿ ಓದುವಾಗ ನೆನಪಾಯಿತು.

"ಕನ್ನಡಿ" ಎಂದು ಓದಿದ. "ಯಾರಿದು ಕನ್ನಡಿ?"

ನಾನು ಅಂಗೈಯಲ್ಲಿ ಒರೆಸತೊಡಗಿದೆ. ಕೌಂಟರಿನಲ್ಲಿ ಕೂತಿದ್ದ ಅಪ್ಪ ಪೇಪರಿನಿಂದ ತಲೆ ಎತ್ತದೆ ಹೇಳಿದರು: "ನೀನೇ ಕಣಪ್ಪಾ. ನಾಲ್ಕು ವರ್ಷದಿಂದ ಊಟಕ್ಕೆ ಕೂತರೆ ಇವಳದು ಅದೇ ಮಾತು. ಕನ್ನಡಿ ಹಾಗಂದ, ಕನ್ನಡಿ ಹೀಗಂದ. ಈ ತಿಂಗಳು ಮಾತಿಲ್ಲ, ಊಟವೂ ಇಲ್ಲ."

ಅಪ್ಪನ ಮೇಲೆ ನನಗೆ ಬಂದ ಸಿಟ್ಟನ್ನು ಹೇಳುವುದಿಲ್ಲ. ಅವನು ಮಾತ್ರ ನಾಲ್ಕು ಟೈರನ್ನೂ ಒಂದೊಂದಾಗಿ ಮುಟ್ಟಿ ನೋಡಿದ, ಅಲ್ಲಿ ಇನ್ನೂ ಏನೋ ಬರೆದಿರಬಹುದೆಂಬಂತೆ.

ಟೈರು ಬದಲಾಯಿಸಿ ಗಾಡಿ ಹತ್ತಿಸಿದೆವು. ಅವನು ಸ್ಟೀರಿಂಗ್ ಹಿಡಿದು ಕೂತ. ನಾನು ಎಡಕ್ಕೆ ಹೋದೆ, ಕನ್ನಡಿ ಎಡಕ್ಕೆ ಬಂತು. ಬಲಕ್ಕೆ ಬಂದೆ, ಅದೂ ಬಂತು. ಇಪ್ಪತ್ತಾರು ದಿನದ ಮೇಲೆ ಆ ಎರಡು ಕಣ್ಣು. ಮುಂದೆ ನೋಡು ಅಂತ ಗದರಲು ಬಾಯಿ ತೆರೆದವಳು ಇನ್ನೊಂದು ಸಲ ಎಡಕ್ಕೆ ಹೋದೆ.

ನಾಳೆ ಎರಡು ಗಂಟೆಗೆ ಬರುತ್ತೇನೆಂದು ಹೇಳಿ ಹೋದ.

ಮರುದಿನ ಎರಡಾಯಿತು, ಮೂರಾಯಿತು. ಬೀದಿಯಲ್ಲಿ ಹೋದ ಕಪ್ಪು ಕಾರನ್ನೆಲ್ಲ ನೋಡಿದೆ. ನಾಲ್ಕೂ ಆಯಿತು. ನಾನೇ ಬಿಗಿದ ಬೋಲ್ಟುಗಳನ್ನು ಮನಸ್ಸಿನಲ್ಲಿ ಒಂದೊಂದಾಗಿ ಮತ್ತೆ ಬಿಗಿದೆ. ಐದು ದಾಟಿದ ಮೇಲೆ ಗಾಡಿ ಬಂತು. ಸಾಹೇಬರನ್ನು ಮನೆಗೆ ಬಿಟ್ಟು ನೇರ ಇಲ್ಲಿಗೇ ಬಂದಿದ್ದ. ನಾನು ಅಂಗಡಿಯಿಂದ ಬೀದಿಗೇ ಇಳಿದೆ.

"ಎಷ್ಟರಲ್ಲಿ ಬಂದೆ?"

"ನೂರು ದಾಟಲಿಲ್ಲ. ಸಾಹೇಬ್ರು ದಾರಿಯುದ್ದಕ್ಕೂ ಬೈದ್ರು."

"ಯಾಕೆ ದಾಟಲಿಲ್ಲ?"

"ನೀನು ಇಲ್ಲಿ ಕಾಯ್ತಿರ್ತೀಯ ಅಂತ. ಬೇಗ ಬರೋದಕ್ಕಿಂತ ಬರೋದು ಮುಖ್ಯ ಅನ್ನಿಸ್ತು." ಅವನ ಬಾಯಲ್ಲಿ ನನಗೆ ಅದು ಮೊದಲ 'ನೀನು'.

"ಇನ್ನೂರ ಹತ್ತರ ಟೈರ್ ಹಾಕಿ ಕಳಿಸಿದ್ದು ನೂರರಲ್ಲಿ ತೆವಳೋಕಾ? ಮೂರು ಗಂಟೆ. ಮೂರು ಗಂಟೆ ಜೀವ ಕೈಯಲ್ಲಿ ಹಿಡ್ಕೊಂಡು ನಿಂತಿದೀನಿ" ಎಂದು ಕೂಗಿದೆ. ಕೂಗುತ್ತಲೇ ಅವನ ಕೈ ಹಿಡಿದುಕೊಂಡೆ, ಬಿಡಲಿಲ್ಲ. ಬೈಯುವುದು ಇನ್ನೂ ಬಹಳ ಇತ್ತು. ಬೀದಿಯ ಜನಕ್ಕೆ ಕೇಳಿಸದಿರಲೆಂದು ಅಪ್ಪ ಎದ್ದು ಹೋಗಿ ಗಾಳಿಯ ಕಂಪ್ರೆಸರ್ ಚಾಲೂ ಮಾಡಿದರು.