ಅಳತೆಗೆ ನಿಂತವಳು

ಬೆಟ್ಟಗಳಿಗೆ ಇನ್ನೂ ಕಿವಿ ಇದ್ದ ಕಾಲದಲ್ಲಿ ಹಿಮಗೋಡು ಅಂತ ಒಂದು ರಾಜ್ಯವಿತ್ತು. ಅದರ ನೆತ್ತಿಯ ಮೇಲೆ ಮೂರು ಬೆಟ್ಟ: ತೊಟ್ಟಿಲುಬೆಟ್ಟ, ಒನಕೆಬೆಟ್ಟ, ಮುಸುಕುಬೆಟ್ಟ. ಆ ರಾಜ್ಯವನ್ನು ಧವಳರಾಯನೆಂಬ ರಾಜ ಆಳುತ್ತಿದ್ದ. ಆಳುತ್ತಿದ್ದ ಅಂತ ಹೇಳುವುದು, ಅಷ್ಟೇ. ಹೊಸ ರಾಣಿ ಬಂದ ಮೇಲೆ ಅವನ ಮುಖ ಕಂಡವರಿಲ್ಲ. ಪರದೆಯ ಹಿಂದಿನಿಂದ ದನಿ ಮಾತ್ರ ಬರುತ್ತಿತ್ತು. ಅದೂ ನೆಗಡಿ ಹಿಡಿದವನ ದನಿ.

ಹೊಸ ರಾಣಿಯ ಹೆಸರು ಹಿಮಾಂಗಿನಿ. ಮೊದಲ ಹೆಂಡತಿಯ ವರ್ಷದ ತಿಥಿ ಕೂಡ ಆಗಿರಲಿಲ್ಲ, ಬೇಟೆಗೆ ಹೋದ ಮುದಿರಾಜ ಹಳ್ಳದ ದಡದಲ್ಲಿ ಸಿಕ್ಕಳು ಅಂತ ಇವಳನ್ನು ಕುದುರೆಯ ಮೇಲೆ ಕೂರಿಸಿಕೊಂಡು ಬಂದುಬಿಟ್ಟ. ಹಳ್ಳದ ದಡದಲ್ಲಿ ಸಿಗುವುದು ಕಪ್ಪೆ, ಏಡಿ. ಹೆಂಡತಿ ಸಿಗುತ್ತಾಳೆಯೇ? ತವರು ಯಾವುದಮ್ಮಾ ಅಂದರೆ ಒಬ್ಬರಿಗೆ ಮೂಡಲು ಅನ್ನುವಳು, ಇನ್ನೊಬ್ಬರಿಗೆ ಪಡುವಲು ಅನ್ನುವಳು. ತವರಿನಿಂದ ಒಂದು ಕುಪ್ಪಸದ ಕಣ ಬಂದದ್ದನ್ನೂ ಯಾರೂ ನೋಡಲಿಲ್ಲ.

ಬಳೆಗಾರ್ತಿ ಚೆನ್ನಕ್ಕ ಅರಮನೆಗೆ ಹೋಗಿ ಬಂದವಳು ಬಾವಿಕಟ್ಟೆಯಲ್ಲಿ ಪಿಸುಗುಟ್ಟಿದಳು.

"ಅಯ್ಯೋ, ಆ ಕೈಗೆ ಬಳೆಯೇ ನಿಲ್ಲಲ್ಲ ಕಣ್ರೇ! ಕಣ್ಣಿಗೇನೋ ದುಂಡು ಕೈ. ತೊಡಿಸಿದರೆ ಗಾಳಿಗೆ ತೊಡಿಸಿದ ಹಾಗೆ, ಠಣ್ ಅಂತ ಕೆಳಕ್ಕೆ ಬೀಳುತ್ತೆ. ಕೂಸಿನ ಬಳೆ ಹಾಕಿದೆ, ಅದೂ ಬಿತ್ತು. ಮುಟ್ಟಿದರೆ ಥಂಡಿ. ಒದ್ದೆ ಬೇರೆ."

ಹೀಗಂದ ಚೆನ್ನಕ್ಕ ಆ ವಾರದಲ್ಲೇ ಕಾಣೆಯಾದಳು. ಅವಳ ಬಳೆಯ ಮಲಾರ ಅರಮನೆಯ ಬಾಗಿಲಲ್ಲಿ ಸಿಕ್ಕಿತು. ಒಂದು ಬಳೆಯೂ ಒಡೆದಿರಲಿಲ್ಲ. ಅವಳ ಹಿಂದೆ ಹೂವಾಡಗಿತ್ತಿ ಹೋದಳು, ನೀರಿನವನು ಹೋದ, ಕಾವಲಿನವನ ಮಗಳು ಹೋದಳು. ಊರಿನಲ್ಲಿ ಜನ ಕರಗುತ್ತಿದ್ದರೆ ಅರಮನೆಯಲ್ಲಿ ರಾಣಿ ಎಳೆಯಳಾಗುತ್ತಿದ್ದಳು. ಜನ ಬಾಯಿ ಮುಚ್ಚಿಕೊಂಡರು. ಮುಚ್ಚಿಕೊಂಡೇ ಮಾತಾಡಿದರು.

ಅದೇ ಊರಿನಲ್ಲಿ ದುಗ್ಗಣ್ಣ ಅಂತ ಒಬ್ಬ ಬಿಂಬಗಾರನಿದ್ದ. ಅವನ ಹತ್ತಿರ ಒಂದು ಮರದ ಪೆಟ್ಟಿಗೆ. ಪೆಟ್ಟಿಗೆಗೆ ಮುಂದೆ ಒಂದು ಗಾಜಿನ ಕಣ್ಣು, ಕಣ್ಣಿಗೆ ಒಂದು ಮುಚ್ಚಳ, ಹಿಂದೆ ಒಂದು ಕರಿ ಬಟ್ಟೆ. ಒಳಗೆ ಗಾಜಿನ ಹಲಗೆ ಇಟ್ಟು, ಬಟ್ಟೆಯೊಳಗೆ ತಲೆ ತೂರಿಸಿ, ಮುಚ್ಚಳ ತೆಗೆದು ಮುಚ್ಚಿದರೆ ಎದುರಿಗಿದ್ದದ್ದು ಹಲಗೆಯ ಮೇಲೆ ಬಂದು ಕೂರುತ್ತಿತ್ತು. ಬೆಟ್ಟ ಹತ್ತಲಾರದ ಜನರಿಗೆ ಬೆಟ್ಟವನ್ನು ಹೊತ್ತು ತಂದು ತೋರಿಸುವುದೇ ಅವನ ಕಸುಬು.

ಆ ಕಸುಬಿಗೊಂದು ಪದ್ಧತಿ ಇದೆ. ಬೆಟ್ಟವನ್ನೊಂದೇ ತೆಗೆದರೆ ಅದು ಬೆಟ್ಟವೋ ಹುತ್ತವೋ ನೋಡಿದವರಿಗೆ ತಿಳಿಯುವುದಿಲ್ಲ. ಬುಡದಲ್ಲಿ ಒಂದು ಜೀವವನ್ನು ನಿಲ್ಲಿಸಬೇಕು. ಆಗ "ಅಬ್ಬಬ್ಬಾ, ಎಷ್ಟೆತ್ತರ!" ಅನ್ನುತ್ತಾರೆ. ಹಾಗೆ ನಿಲ್ಲುವುದಕ್ಕೆ ಅಳತೆಗೆ ನಿಲ್ಲುವುದು ಅಂತ ಹೆಸರು. ದುಗ್ಗಣ್ಣನಿಗೆ ಅಳತೆಗೆ ನಿಲ್ಲುತ್ತಿದ್ದವಳು ಅವನ ಹೆಂಡತಿ ಸಂಪಿ. ಕೆಂಪು ಸೀರೆ, ಕೈಯಲ್ಲಿ ಹಸಿರು ಬಳೆ. ಗಂಡ "ನಿಲ್ಲು!" ಅಂದರೆ ಸಾಕು, ಜೇನುಹುಳ ಕಚ್ಚುತ್ತಿದ್ದರೂ ಉಸಿರು ಹಿಡಿದು ನಿಂತುಬಿಡುವಳು. ಊರ ಹೆಂಗಸರು ಸುಮ್ಮನಿರುತ್ತಾರೆಯೇ? "ಗಂಡನ ಬೆನ್ನಿಗೆ ಬಿದ್ದು ಬೆಟ್ಟ ಬೆಟ್ಟ ಅಲೀತಾಳಲ್ಲ, ಇವಳ ಮನೇಲಿ ಒಲೆ ಇಲ್ವಾ?" ಅಂತ ಆಡಿಕೊಂಡರು. ಆಡಿಕೊಂಡವರ ಮನೆಯ ಗೋಡೆಗಳ ಮೇಲೂ ಅವಳದೇ ಬಿಂಬ!

ಒಂದು ದಿನ ರಾಣಿ ದುಗ್ಗಣ್ಣನನ್ನು ಕರೆಸಿದಳು. ಮೂರು ಕರಿಗಾಜಿನ ಹಲಗೆ ಕೊಟ್ಟಳು.

"ಮೂರು ಬೆಟ್ಟದ ಬಿಂಬ ತಾ. ಪ್ರತಿ ಬಿಂಬದಲ್ಲೂ ಒಂದು ಜೀವ ಅಳತೆಗೆ ನಿಂತಿರಬೇಕು. ತಂದರೆ ಸಿಂಹಾಸನದ ಮಂಟಪದಲ್ಲಿ ನಿನ್ನ ಬಿಂಬ ಬಿಟ್ಟು ಬೇರೆಯವರದು ತೂಗುವುದಿಲ್ಲ."

ದುಗ್ಗಣ್ಣ ಹಿಗ್ಗಿ ಹೀರೇಕಾಯಾದ. ಮನೆಗೆ ಬಂದರೆ ಸಂಪಿ ಹಲಗೆ ಮುಟ್ಟಿ ಕೈ ಹಿಂದಕ್ಕೆಳೆದುಕೊಂಡಳು.

"ಏನ್ರೀ, ಇದು ಬೆರಳನ್ನ ಎಳ್ಕೊಳ್ಳುತ್ತೆ. ನಮ್ಮ ಗಾಜು ಹೀಗಿರಲ್ಲ. ವಾಪಸ್ಸು ಕೊಟ್ಟುಬಿಡಿ."

"ರಾಣಿ ಕೊಟ್ಟಿದ್ದು ಕಣೇ. ನಿನ್ನ ಬೆರಳಲ್ಲಿ ಬೆಲ್ಲ ಅಂಟಿರಬೇಕು."

"ನನ್ನ ಬೆರಳು ಬಿಡಿ, ನಿಮ್ಮ ತಲೆಗೇ ಏನೋ ಅಂಟಿದೆ," ಅಂದಳು ಸಂಪಿ. ಅಂದರೂ ಬುತ್ತಿ ಕಟ್ಟಿದಳು. ಹೆಂಡತಿಯರ ಹಣೆಬರಹವೇ ಅದು.

ಮೊದಲು ತೊಟ್ಟಿಲುಬೆಟ್ಟ. ಅಲ್ಲಿನ ಗಾಳಿ ಮನುಷ್ಯರನ್ನು ತೂಗಿ ತೂಗಿ ಕಣಿವೆಗೆ ಎಸೆಯುತ್ತಿತ್ತು. ಸಂಪಿ ಪೆಟ್ಟಿಗೆಯ ಕಾಲುಗಳನ್ನು ಅವುಚಿ ಹಿಡಿದು ಕೂತಳು. ಹಾಗಾದರೆ ಅಳತೆಗೆ ಯಾರು? ಅಷ್ಟರಲ್ಲಿ ಹಾಲಜ್ಜ ಅನ್ನುವ ಕುರಿಗಾಹಿ ಬಂದ. ಹೆಗಲಲ್ಲಿ ಕಂಬಳಿ, ಸೊಂಟದಲ್ಲಿ ಕುರಿಗಳಿಗೆ ನೆಕ್ಕಿಸುವ ಉಪ್ಪಿನ ಚೀಲ.

"ಅಜ್ಜಾ, ರಾಣಿಗೊಂದು ಬಿಂಬ ಬೇಕು. ಆ ಬಂಡೆ ಹತ್ತಿರ ಒಂದು ಗಳಿಗೆ ನಿಲ್ತೀಯಾ?"

"ನಿಲ್ತೀನಿ ಮಗಾ. ಈ ಮುಖಾನ ನನ್ನ ಹೆಂಡ್ತಿಯೇ ನೋಡ್ಲಿಲ್ಲ, ರಾಣಿಯಾದ್ರೂ ನೋಡ್ಲಿ," ಅಂತ ಅಜ್ಜ ಮೀಸೆ ನೀವಿಕೊಂಡ. ಬಾಯಿ ಬಿಗಿಮಾಡಿ ನಿಂತ.

ದುಗ್ಗಣ್ಣ ಮುಚ್ಚಳ ತೆಗೆದ, ಮುಚ್ಚಿದ. ಬಟ್ಟೆಯಿಂದ ತಲೆ ಹೊರಗೆ ತೆಗೆದರೆ ಅಜ್ಜ ಇಲ್ಲ. ಕಂಬಳಿ ಬಿದ್ದಿತ್ತು. ಪಕ್ಕದಲ್ಲಿ ಉಪ್ಪಿನ ಚೀಲ.

"ಕುರಿ ಹಿಂದೆ ಹೋಗಿರ್ತಾನೆ," ಅಂದ ದುಗ್ಗಣ್ಣ.

"ಕುರಿ ಎಲ್ಲಾ ಇಲ್ಲೇ ಇವೆಯಲ್ರೀ?"

ಇದ್ದವು. ಕಂಬಳಿಯ ಸುತ್ತ ನಿಂತು ಅರಚುತ್ತಿದ್ದವು. ದುಗ್ಗಣ್ಣ ಕೇಳಿಸದವನಂತೆ ಹಲಗೆ ನೋಡಿದ. ಬಿಂಬ ಸೊಗಸಾಗಿತ್ತು. ಆದರೆ ಅದರೊಳಗೆ ಅಜ್ಜನ ಬಾಯಿ ತೆರೆದಿತ್ತು. ಹಲಗೆಯನ್ನು ಸರಕ್ಕನೆ ಚೀಲಕ್ಕೆ ಸೇರಿಸಿದ. ಹೆಂಡತಿಗೆ ಹೇಳಲಿಲ್ಲ. ಸಂಪಿ ಉಪ್ಪಿನ ಚೀಲ ಎತ್ತಿಕೊಂಡು, "ಸಿಕ್ಕಾಗ ಅಜ್ಜನಿಗೆ ಕೊಡೋಣ," ಅಂದಳು.

ಎರಡನೆಯದು ಒನಕೆಬೆಟ್ಟ. ಒನಕೆಯಂತೆ ನೆಟ್ಟಗೆ ನಿಂತ ಕಲ್ಲು. ಅದರ ದಾರಿಗೆ ಒಂದು ಬಿಳಿ ಚಿರತೆ ಅಡ್ಡ ಮಲಗಿತ್ತು. ಎತ್ತಿನಷ್ಟು ದೊಡ್ಡದು. ಅದಕ್ಕೆ ಮಾತು ಬರುತ್ತಿತ್ತು.

"ಎಲೋ ಬಿಂಬಗಾರ, ಹಿಂದಕ್ಕೆ ಹೋಗು. ಆ ಕರಿಗಾಜು ಯಾರದೆಂದು ಬಲ್ಲೆ. ಹಳ್ಳದಲ್ಲಿ ನನ್ನ ಮರಿಗಳ ರಕ್ತ ಕುಡಿದವಳದು."

ದುಗ್ಗಣ್ಣ ಎರಡು ಹೆಜ್ಜೆ ಹಿಂದಕ್ಕೆ ಸರಿದ. ಆದರೆ ಕಣ್ಣು ಸರಿಯಲಿಲ್ಲ. ಆ ಕಲ್ಲು, ಅದರ ಬುಡದಲ್ಲಿ ಆ ಬಿಳಿ ಮೃಗ! ಹಿಂದೆಂದೂ ಯಾರೂ ತೆಗೆಯದ ಬಿಂಬ. ಅವನು ಆಗಲೇ ಕರಿ ಬಟ್ಟೆಯೊಳಗಿದ್ದ.

ಚಿರತೆ ಹೇಳುತ್ತಲೇ ಇತ್ತು. "ಅವಳು ಲೋಕವನ್ನೆಲ್ಲ ಅಳತೆಗೆ ನಿಲ್ಲಿಸುತ್ತಾಳೆ. ತಾನು ಮಾತ್ರ ಯಾವುದರ ಪಕ್ಕದಲ್ಲೂ ನಿಲ್ಲುವುದಿಲ್ಲ. ಅಳತೆ ಸಿಕ್ಕರೆ ಮಾಯೆ ಉಳಿಯುವುದಿಲ್ಲ, ತಿಳಿದುಕೋ."

ಮುಚ್ಚಳ ತೆರೆದು ಮುಚ್ಚಿತು. ಮಂಜಿನ ಮೇಲೆ ಚಿರತೆಯ ಹೆಜ್ಜೆಗಳಿದ್ದವು, ಚಿರತೆ ಇರಲಿಲ್ಲ.

ಈ ಸಲ ಸಂಪಿ ಕಣ್ಣಾರೆ ನೋಡಿದಳು. ಗಂಡನ ಚೀಲಕ್ಕೆ ಕೈಹಾಕಿ ಮೊದಲ ಹಲಗೆ ಎಳೆದು ನೋಡಿದಳು. ಹಾಲಜ್ಜ ಬಾಯಿ ತೆರೆದುಕೊಂಡು ಅವಳನ್ನೇ ನೋಡುತ್ತಿದ್ದ.

"ನಿಮಗೆ ಗೊತ್ತಿತ್ತು," ಅಂದಳು.

ದುಗ್ಗಣ್ಣ ಪೆಟ್ಟಿಗೆಯ ಕಾಲು ಮಡಚತೊಡಗಿದ.

"ಗೊತ್ತಿದ್ದೂ ಇನ್ನೊಂದು ತೆಗೆದ್ರಿ. ಆ ಮೂಕಪ್ರಾಣಿ ಅಂತೂ ಮೂಕವೂ ಆಗಿರ್ಲಿಲ್ಲ. ಬಾಯಿಬಿಟ್ಟು ಹೇಳ್ತಾ ಇತ್ತು!"

"ನಿನ್ನ ತಲೆ ಮುಟ್ಟಿ ಹೇಳ್ತೀನಿ ಸಂಪಿ, ಮೂರನೇದು ತೆಗೆಯಲ್ಲ."

ಮುಟ್ಟಿಯೇ ಹೇಳಿದ. ಆ ಹೊತ್ತಿಗೆ ಅದು ನಿಜವೂ ಆಗಿತ್ತು. ಮೂರನೆಯ ಹಲಗೆಯನ್ನು ಬಂಡೆಗೆ ಅಪ್ಪಳಿಸಿದ. ಬಂಡೆ ಸೀಳಿತು, ಹಲಗೆ ಸೀಳಲಿಲ್ಲ, ಪುಟಿದು ಮತ್ತೆ ಚೀಲಕ್ಕೇ ಬಿತ್ತು. ಊರ ಕಡೆ ಇಳಿದರು. ಇಳಿದಷ್ಟೂ ದಾರಿ ಏರುತ್ತಿತ್ತು. ಕೊನೆಗೆ ಇಬ್ಬರೂ ನಿಂತದ್ದು ಮುಸುಕುಬೆಟ್ಟದ ಎದುರಿಗೆ.

ಮುಸುಕುಬೆಟ್ಟದ ಮುಖವನ್ನು ಹುಟ್ಟಿದವರು ಯಾರೂ ಕಂಡಿರಲಿಲ್ಲ. ಸದಾ ಮೋಡ. ದುಗ್ಗಣ್ಣನ ಅಪ್ಪ ಅದನ್ನು ಕಾದು ಕಾದೇ ಮುದುಕನಾಗಿ ಸತ್ತಿದ್ದ. ಸಂಪಿ ಬಿಂದಿಗೆ ಹಿಡಿದು ನೀರಿನ ಊಟೆ ಹುಡುಕಲು ಹೋದಳು. ದುಗ್ಗಣ್ಣ ಸುಮ್ಮನೆ ನೋಡೋಣವೆಂದು ಪೆಟ್ಟಿಗೆಯನ್ನು ನಿಲ್ಲಿಸಿದ. ಪೆಟ್ಟಿಗೆಯ ಹೊಟ್ಟೆ ಬರಿದಾಗಿರಬಾರದು ಅನ್ನುವುದು ಬಿಂಬಗಾರರ ಚಾಳಿ. ಕೈಗೆ ಸಿಕ್ಕ ಹಲಗೆಯನ್ನು ಒಳಗೆ ತಳ್ಳಿದ. ಯಾವ ಹಲಗೆ ಅಂತ ನೋಡಿದನೋ ಇಲ್ಲವೋ, ಅವನ ಹೊಟ್ಟೆಗೇ ಗೊತ್ತು.

ಆಗ ಮೋಡ ಸರಿಯಿತು.

ಬೆಟ್ಟದ ಮುಖ ಕಂಡಿತು. ಚಿನ್ನ ಕಾಯಿಸಿ ಸುರಿದ ಹಾಗೆ ಬೆಳಕು. ಅದರ ಬುಡದಲ್ಲಿ ಸಂಪಿ, ತುಂಬಿದ ಬಿಂದಿಗೆ ಹೊತ್ತು, ಕೆಂಪು ಸೀರೆಯಲ್ಲಿ ನಡೆದು ಬರುತ್ತಿದ್ದಳು.

"ನಿಲ್ಲು!" ಅಂತ ಕೂಗಿಬಿಟ್ಟ.

ಅವಳು ನಿಂತುಬಿಟ್ಟಳು.

ಅವನ ಕೈ ಮುಚ್ಚಳ ತೆಗೆಯಿತು.

ಅವನು ಯೋಚಿಸಲಿಲ್ಲ, ಅವಳೂ ಯೋಚಿಸಲಿಲ್ಲ. ಬಾಯಿಗೆ ಕೂಗಿ ಅಭ್ಯಾಸ, ಕಾಲಿಗೆ ನಿಂತು ಅಭ್ಯಾಸ, ಕೈಗೆ ತೆಗೆದು ಅಭ್ಯಾಸ. ಬಿಂದಿಗೆ ಬಿದ್ದು ಉರುಳಿತು. ಕಲ್ಲಿನ ಮೇಲೆ ಒಂದು ಹಸಿರು ಬಳೆ ಗಿರ್ರನೆ ತಿರುಗಿ ಮಲಗಿತು. ಮೋಡ ಮತ್ತೆ ಮುಚ್ಚಿಕೊಂಡಿತು.

ದುಗ್ಗಣ್ಣ ಎಷ್ಟು ಹೊತ್ತು ಬೋರಾಡಿದನೋ ಬೆಟ್ಟಕ್ಕೇ ಗೊತ್ತು. ಕೊನೆಗೆ ಬಳೆಯನ್ನು ಜೇಬಿಗೆ ಹಾಕಿಕೊಂಡು, ಸಂಪಿ ಇಟ್ಟುಹೋಗಿದ್ದ ಉಪ್ಪಿನ ಚೀಲವನ್ನು ಹೆಗಲಿಗೇರಿಸಿದ. ಈಗ ದಾರಿ ನೆಟ್ಟಗೆ ಅರಮನೆಗೆ ಇಳಿಯಿತು. ಹಲಗೆಗಳು ತಾವೇ ಅವನ ಚೀಲದಿಂದ ಹಾರಿ ರಾಣಿಯ ಮಡಿಲಿಗೆ ಬಿದ್ದವು. ಅವಳು ಅವನತ್ತ ನೋಡಲೂ ಇಲ್ಲ, ಎತ್ತಿಕೊಂಡು ಒಳಗೆ ಹೋದಳು. ಅವನು ಪರದೆಯ ಸಂದಿಯಿಂದ ಇಣುಕಿದ.

ಒಳಗೆ ಗೋಡೆಯ ತುಂಬ ಕರಿಗಾಜು. ಒಂದರಲ್ಲಿ ಧವಳರಾಯ. ಒಂದರಲ್ಲಿ ಬಳೆಗಾರ್ತಿ ಚೆನ್ನಕ್ಕ. ಎಲ್ಲರ ಬಾಯಿಯೂ ತೆರೆದಿತ್ತು. ಕೆಲವು ಹಲಗೆಗಳಲ್ಲಿ ಬರೀ ಬಿಳಿ, ಯಾರೂ ಇಲ್ಲ. ರಾಣಿ ಹೊಸ ಹಲಗೆಯನ್ನು ತೂಗುಹಾಕಿ ಅದಕ್ಕೆ ತುಟಿ ಒತ್ತಿ ಚೀಪಿದಳು. ಸಂಪಿಯ ಕೆಂಪು ಸೀರೆ ಗುಲಾಬಿಯಾಯಿತು. ಆ ಬಣ್ಣವೂ ಹೋದರೆ ಸಂಪಿ ಇಲ್ಲ.

ಪೆಟ್ಟಿಗೆ ಎತ್ತಿ ರಾಣಿಯ ತಲೆಗೆ ಹಾಕೋಣವೆನಿಸಿತು ದುಗ್ಗಣ್ಣನಿಗೆ. ಎತ್ತಲು ಹೋದ ಕೈಗೆ ಜೇಬಿನ ಬಳೆ ತಾಗಿತು. ಬಳೆ ತಾಗಿದಾಗ ಚೆನ್ನಕ್ಕನ ಮಾತು ನೆನಪಾಯಿತು: ಕೂಸಿನ ಬಳೆ ಹಾಕಿದೆ, ಅದೂ ಬಿತ್ತು. ಆಮೇಲೆ ಚಿರತೆಯ ಮಾತು: ಅಳತೆ ಸಿಕ್ಕರೆ ಮಾಯೆ ಉಳಿಯುವುದಿಲ್ಲ. ಬಟ್ಟೆಯೊಳಗಿದ್ದರೂ ಕಿವಿಗೆ ಬಿದ್ದಿತ್ತು ನೋಡಿ.

ಕಣ್ಣೊರೆಸಿಕೊಂಡು, ರಾಣಿ ಸಭೆಗೆ ಬಂದು ಕೂರುತ್ತಲೇ ಹೋಗಿ ಅಡ್ಡಬಿದ್ದ.

"ಮಹಾರಾಣಿಯವರೇ, ಬೆಟ್ಟಗಳ ಬಿಂಬ ಬಂತು. ಅವನ್ನ ಮೀರಿಸೋ ನಿಮ್ಮ ಬಿಂಬವೇ ಮಂಟಪದಲ್ಲಿ ಇಲ್ಲವಲ್ಲ. ನನ್ನ ಸ್ವಂತ ಹಲಗೆ ಇದೆ, ಬಿಳಿಗಾಜು. ಅಪ್ಪಣೆಯಾದರೆ ಎಲ್ಲರ ಎದುರಿಗೇ ತೆಗೀತೀನಿ."

ಚೆಲುವೆಯರಿಗೆ ಇದಕ್ಕಿಂತ ಸಿಹಿಮಾತು ಯಾವುದು? ರಾಣಿ ಸೆರಗು ಸರಿಮಾಡಿಕೊಂಡಳು.

"ತೆಗಿ. ಆದರೆ ನನ್ನ ಪಕ್ಕ ಯಾರೂ ನಿಲ್ಲಬಾರದು."

"ಯಾರೂ ಬೇಡ ತಾಯಿ. ಪಾದದ ಹತ್ತಿರ ಈ ಬಳೆ ಒಂದು ಇರಲಿ. ಬೆಳಕು ಬಿದ್ದರೆ ಹೊಳೆಯುತ್ತೆ."

"ಯಾರದು ಅದು?"

"ನನ್ನ ಹೆಂಡತಿದು."

ರಾಣಿ ಕಿಸಕ್ಕನೆ ನಕ್ಕಳು. "ಅವಳು ಉಳಿಸಿ ಹೋದದ್ದು ಇಷ್ಟೇನಾ? ಇಡು ಇಡು, ಪಾಪ."

ಇಟ್ಟ. "ನಿಲ್ಲು" ಅಂತ ಮಾತ್ರ ಅನ್ನಲಿಲ್ಲ. ಮುಚ್ಚಳ ತೆಗೆದ, ಮುಚ್ಚಿದ. ಹಲಗೆಯನ್ನು ಹೊರತೆಗೆದು ಸಭೆಗೆ ಎತ್ತಿ ಹಿಡಿದ.

ಬಿಂಬದಲ್ಲಿ ರಾಣಿ ಇರಲಿಲ್ಲ. ಸಂಪಿಯ ಬಳೆ ಇತ್ತು. ಬಳೆಯ ಸುತ್ತಿನೊಳಗೆ, ಇನ್ನೂ ಜಾಗ ಉಳಿಯುವಷ್ಟು ಸಣ್ಣದಾಗಿ, ಒಂದು ಜಿಗಣೆ ಮಲಗಿತ್ತು.

"ಜಿಗಣೆ!" ಅಂದ ಮಂತ್ರಿ. "ಅಯ್ಯೋ, ಜಿಗಣೆಗೆ ನಾವು ಚಾಮರ ಬೀಸಿದೆವಲ್ಲ!" ಅಂದಳು ದಾಸಿ. ಎಲ್ಲರೂ ಹಲಗೆಯಿಂದ ಕಣ್ಣು ತೆಗೆದು ಸಿಂಹಾಸನದತ್ತ ನೋಡಿದರು. ಸೀರೆ, ಒಡವೆ, ಕಿರೀಟ ಎಲ್ಲ ಗುಪ್ಪೆಯಾಗಿ ಕುಸಿದಿದ್ದವು. ಬಳೆಯೊಳಗೆ ಕಪ್ಪಗೆ, ಒದ್ದೆಯಾಗಿ ಅದು ಹೊರಳುತ್ತಿತ್ತು. ದುಗ್ಗಣ್ಣ ಹಾಲಜ್ಜನ ಉಪ್ಪಿನ ಚೀಲ ಬಿಚ್ಚಿ ಪೂರ್ತಿ ಸುರಿದ. ಕುಡಿದ ರಕ್ತವನ್ನೆಲ್ಲ ಅದು ಕಾರಿತು. ಮಂಟಪದ ಮೆಟ್ಟಿಲು ಇಳಿದು ಅಂಗಳದವರೆಗೂ ರಕ್ತ ಹರಿಯಿತು. ಆಮೇಲೆ ಒಣಗಿದ ತೊಗಟೆಯಂಥದ್ದು ಉಳಿಯಿತು, ಅಷ್ಟೇ.

ಒಳಗೆ ಗಾಜುಗಳು ಫಳಫಳನೆ ಒಡೆದವು. ಧವಳರಾಯ ಈಚೆ ಬಂದು ಮೊದಲು ಕೇಳಿದ್ದು, "ನನ್ನ ಮೊದಲ ಹೆಂಡತಿಯ ತಿಥಿ ಆಯಿತೇ?" ಅಂತ. ಈಗ ಬುದ್ಧಿ ಬಂತು ಮಹಾರಾಯನಿಗೆ. ಹಾಲಜ್ಜ ಬಂದ, ಚಿರತೆ ಬಂತು, ಚೆನ್ನಕ್ಕ ಬರುತ್ತಲೇ "ನಾನು ಅವತ್ತೇ ಹೇಳಿರ್ಲಿಲ್ವಾ?" ಅಂದಳು. ಬಿಳಿಚಿಹೋಗಿದ್ದ ಹಲಗೆಗಳಿಂದ ಮಾತ್ರ ಯಾರೂ ಬರಲಿಲ್ಲ. ಹೂವಾಡಗಿತ್ತಿ ಬರಲಿಲ್ಲ. ಕಾವಲಿನವನು ಚೂರುಗಳ ನಡುವೆ ಮಗಳನ್ನು ಹುಡುಕುತ್ತ ಕೈಯೆಲ್ಲ ಕುಯ್ದುಕೊಂಡ.

ಸಂಪಿ ಬಂದಳು. ಅರ್ಧ ತಲೆ ನರೆತಿತ್ತು. ಸೀರೆ ಗುಲಾಬಿಯಾಗಿಯೇ ಉಳಿದಿತ್ತು. ದುಗ್ಗಣ್ಣ ಅಳುತ್ತ ಎದುರಿಗೆ ಹೋದ. ಅವಳು ತುಂಬಿದ ಸಭೆಯಲ್ಲಿ, ರಾಜನ ಎದುರಿಗೇ, ಅವನ ಕೆನ್ನೆಗೆ ಒಂದು ಬಿಟ್ಟಳು. ಆಮೇಲೆ ಬಳೆ ತೆಗೆದುಕೊಂಡು ಉಪ್ಪು ಒರೆಸಿ ಕೈಗೆ ಹಾಕಿಕೊಂಡಳು. ಅದು ನಿಂತಿತು.

"ಮನೆಗೆ ನಡೀರಿ," ಅಂದಳು.

ಅಲ್ಲಿಂದ ಮುಂದೆಯೂ ಇಬ್ಬರೂ ಬೆಟ್ಟಕ್ಕೆ ಹೋದರು. ಆದರೆ ಕರಿ ಬಟ್ಟೆಯೊಳಗೆ ಈಗ ಸಂಪಿಯ ತಲೆ, ಮುಚ್ಚಳದ ಮೇಲೆ ಸಂಪಿಯ ಕೈ. ಬೆಟ್ಟದ ಬುಡದಲ್ಲಿ ದುಗ್ಗಣ್ಣ. ಅವಳು "ನಿಲ್ಲಿ!" ಅಂದಾಗಲೆಲ್ಲ ಅವನ ಮುಖ ಬಿಳಿಚಿಕೊಳ್ಳುತ್ತಿತ್ತು. ಅವಳೋ, ಮೋಡ ಸರಿದರೂ ಬೆಳಕು ಬಂದರೂ, ಬೇಕೆಂದೇ ಒಂದಿಷ್ಟು ಹೊತ್ತು ತಡೆದು ಆಮೇಲೆ ಮುಚ್ಚಳ ತೆಗೆಯುವಳು.

ಹಿಮಗೋಡಿನಲ್ಲಿ ಮತ್ತೆ ಯಾರೂ ಕರಗಲಿಲ್ಲ. ಉಂಡರು, ಉಟ್ಟರು, ಮಕ್ಕಳನ್ನು ಹೆತ್ತರು, ಒಬ್ಬರನ್ನೊಬ್ಬರು ಆಡಿಕೊಂಡು ಸುಖವಾಗಿದ್ದರು. ಆದರೂ ಇಂದಿಗೂ ಆ ಸೀಮೆಯಲ್ಲಿ ಮನೆಗೆ ಹೊಸ ಸೊಸೆ ಬಂದರೆ, ಎಷ್ಟೇ ಚೆಲುವೆಯಾಗಿರಲಿ, ಮೊದಲು ಕೈಗೆ ಒಂದು ಹಸಿರು ಬಳೆ ತೊಡಿಸುತ್ತಾರೆ. ಬೀಳುತ್ತದೆಯೋ ನಿಲ್ಲುತ್ತದೆಯೋ ನೋಡಿ, ಆಮೇಲೆಯೇ ಒಳಗೆ ಕರೆಯುತ್ತಾರೆ.