ಮೊಸಳೆಯಜ್ಜಿಯ ಸೋಪು

ಹಿಂದೆ, ತುಂಬಾ ಹಿಂದೆ, ಯಾರನ್ನು ಕೇಳಿದರೂ ಸುಳ್ಳೇ ಹೇಳುವಷ್ಟು ಹಿಂದೆ, ಜಾರುಗಿರಿ ಅಂತ ಒಂದು ರಾಜ್ಯವಿತ್ತು. ಅಲ್ಲಿ ಜಿಡ್ಡಾಸುರ ಅನ್ನೋ ಮಾಂತ್ರಿಕನಿದ್ದ. ಅವನು ಒಂದು ದಿನ ಉಫ್ ಅಂತ ಊದಿದ. ಇಡೀ ರಾಜ್ಯಕ್ಕೆ ಜಿಡ್ಡು ಹತ್ತಿತು. ರಾಜ ಸಿಂಹಾಸನದಿಂದ ಜಾರಿದ. ತಾಯಂದಿರ ಸೊಂಟದಿಂದ ಕೂಸುಗಳು ಜಾರಿದವು. ಸೌದೆಗೆ ಹೋಗಿದ್ದ ಈರಕ್ಕ ಗುಡ್ಡದ ಇಳಿಜಾರಿನಲ್ಲೇ ಜಾರಿಬಿದ್ದಳು. ಕೆಳಗೆ, ಐವತ್ತು ಮೊಳ ದೂರದಲ್ಲಿ, ಜಿಡ್ಡಾಸುರನ ಬಾವಿ. ದಿನಕ್ಕೊಂದು ಮೊಳ ಅವಳು ಬಾವಿಯ ಕಡೆ ಸರಿಯುತ್ತಿದ್ದಳು. ಹಗ್ಗ ಕಟ್ಟಿದರೆ ಹಗ್ಗ ಜಾರಿತು. ಕೈ ಹಿಡಿದರೆ ಕೈ ಜಾರಿತು.

ಅವಳ ತಮ್ಮ ಮೈಲಾರಿ ಹೊಳೆಗೆ ಓಡಿದ. ಅಲ್ಲೊಬ್ಬಳು ಮಾತಾಡುವ ಮೊಸಳೆಯಜ್ಜಿ. ಸೋಪು ಮಾಡಲು ಬರುತ್ತಿದ್ದದ್ದು ಅವಳೊಬ್ಬಳಿಗೇ.

"ಅಜ್ಜೀ, ಸೋಪು ಕಲಿಸು."

"ನಿನ್ನ ಮೂತಿಗೆ ಬರುತ್ತಾ? ಕೇಳು. ಬೂದಿನೀರಿನ ತಿಳಿ, ಹೊಂಗೆ ಎಣ್ಣೆ. ತಿರುವುತ್ತಾ ಇರು. ಸೌಟಲ್ಲಿ ಗೆರೆ ಎಳೆದರೆ ಗೆರೆ ನಿಲ್ಲಬೇಕು. ಆಗ ಅಚ್ಚಿಗೆ ಹೊಯ್ಯಿ. ಬಿಟ್ಟಿ ಕೊಟ್ಟರೆ ನೊರೆ ಬರಲ್ಲ, ಮಾರಬೇಕು. ಆದರೆ ಆರು... ಬುಳುಕ್... ತನಕ ಮಾರಬೇಡ!"

ಮಾತಿನ ನಡುವೆ ಮುಳುಗೋದು ಮೊಸಳೆ ಬುದ್ಧಿ. ಅಜ್ಜಿ ಮತ್ತೆ ಏಳಲೇ ಇಲ್ಲ. ದಡದಲ್ಲಿ ಮೂರು ಕಡಾಯಿಗಾಗುವಷ್ಟು ಎಣ್ಣೆ ಇತ್ತು, ಅಷ್ಟೇ.

ಆರು ತನಕ. ಏನು ಆರು?

ಆರು ಗಂಟೆ ಇರಬೇಕು ಅಂದುಕೊಂಡ ಮೈಲಾರಿ. ಬೆಳಿಗ್ಗೆ ಮೊದಲ ಕಡಾಯಿ ಹೊಯ್ದ. ಸಂಜೆ ಕೋಟೆಯ ಗಂಟೆ ಆರು ಹೊಡೆಯಿತು. ಅಕ್ಕನ ಮೇಲೇ ನೇರ ಪ್ರಯೋಗ ಮಾಡೋಕಾಗುತ್ತಾ? ದಳವಾಯಿಗೆ ಮಾರಿದ. ಬೆಲೆ ಒಂದು ಹಿಡಿ ಹುರಿಗಡಲೆ. ಸೋಪು ಅಂಬಲಿಯಂತೆ ಸುರಿದು ದಳವಾಯಿಯ ಗಡ್ಡ ಎದೆಗೆ ಅಂಟಿತು.

"ಏನೋ ಇದು, ಸೋಪೋ ಗೋಂದೋ?"

"ಒಂದರ ಬೆಲೆಗೆ ಎರಡೂ, ಸ್ವಾಮಿ."

ಹಾಗಾದರೆ ಆರು ದಿನ. ಎರಡನೇ ಕಡಾಯಿ ಹೊಯ್ದ, ಆರು ದಿನ ಕಾದ, ರಾಜನಿಗೆ ಮಾರಿದ. ಸೋಪು ಚುರುಚುರು ಸುಟ್ಟಿತು. ರಾಜ ಅರಮನೆ ಸುತ್ತ ಕುಣಿದ. ಎಡಮೀಸೆ ಉದುರಿತು.

"ಇನ್ನೊಂದು ಸಲ ಹೀಗಾದರೆ ನಿನ್ನನ್ನೂ ಬಾವಿಗೆ ತಳ್ಳಿಸ್ತೀನಿ!"

"ಆಗಲಿ ಪ್ರಭೂ. ಬಲಮೀಸೆ ಜೋಪಾನ."

ಉಳಿದದ್ದು ಕೊನೆಯ ಕಡಾಯಿ. ಹೊಯ್ದನೇನೋ ಹೌದು. ಆದರೆ ಆರು ತಿಂಗಳೋ, ಆರು ವರ್ಷವೋ? ತಲೆಯೊಳಗೂ ಜಿಡ್ಡು ಹತ್ತಿದಂತಾಯಿತು. ಅಕ್ಕನಿಗೆ ಗಂಜಿ ತೆಗೆದುಕೊಂಡು ಹೋದ.

"ಕುಡಿ ಅಕ್ಕಾ."

"ಹೊಗೆಯಾಡ್ತಿದೆ ಕಣೋ ಕತ್ತೆ. ಆರಲಿ ತಡಿ."

"ಏನಂದೆ?"

"ಆರಲಿ ಅಂದೆ. ಕಿವಿಗೆ ಬಿತ್ತಾ?"

"ಆರು ತನಕ ಅಲ್ಲ ಅಕ್ಕಾ, ಆರುವ ತನಕ! ಮುದುಕಿ ಒಂದು 'ವ' ನುಂಗಿಬಿಟ್ಟಿದ್ದಾಳೆ!"

ಆದರೆ ಸೋಪು ಆರಿದ್ದು ಗೊತ್ತಾಗೋದು ಹೇಗೆ? ಮುಟ್ಟಿದರೆ ಗಟ್ಟಿ, ಮೂಸಿದರೆ ಘಮ. ರಾಜನಿಗೆ ಮಾರಿದ್ದೂ ಹಾಗೇ ಇತ್ತಲ್ಲ! ಮೈಲಾರಿ ಸೋಪಿಗೆ ನಾಲಿಗೆ ತಾಗಿಸಿದ. ಚುರ್! ಮಾರನೇ ದಿನ ತಾಗಿಸಿದ. ಚುರ್! ಅಕ್ಕನ ಪಕ್ಕದಲ್ಲೇ ಕೂತು ದಿನಾ ನೆಕ್ಕಿದ, ದಿನಾ ಉಗಿದ.

ಒಂದು ದಿನ ಜಿಡ್ಡಾಸುರ ಬಂದು ಹಲ್ಲು ಕಿರಿದ. "ಇವತ್ತೇ ಮಾರೋ. ನಿಮ್ಮಕ್ಕನಿಗೆ ಇನ್ನು ಮೂರೇ ಮೊಳ."

ಮಾರಿದರೆ ಅಕ್ಕ ಸುಟ್ಟುಹೋಗುತ್ತಾಳೆ. ಮಾರದಿದ್ದರೆ ಬೀಳುತ್ತಾಳೆ. ಮೈಲಾರಿ ಸೋಪು ಕೈಗೆತ್ತಿಕೊಂಡ, ಇಟ್ಟ, ಮತ್ತೆ ಎತ್ತಿಕೊಂಡ.

"ನಿನ್ನ ನಾಲಿಗೆ ಏನನ್ನುತ್ತೆ?" ಈರಕ್ಕ ಕೇಳಿದಳು.

"ಚುರ್ ಅನ್ನುತ್ತೆ."

"ಹಂಗಾದರೆ ಬಾಯಿ ಮುಚ್ಕೊಂಡು ಕಾಯಿ."

ಎರಡು ಮೊಳ, ಚುರ್. ಒಂದು ಮೊಳ, ಸಣ್ಣಗೆ ಚುರ್. ಮರುದಿನ ಈರಕ್ಕನ ಹಿಮ್ಮಡಿ ಬಾವಿಯ ಅಂಚು ದಾಟಿತ್ತು. ಮೈಲಾರಿ ನೆಕ್ಕಿದ. ಏನೂ ಇಲ್ಲ. ಇನ್ನೊಮ್ಮೆ ನೆಕ್ಕಿದ. ಏನೂ ಇಲ್ಲ!

"ಅಕ್ಕಾ, ಕಡಲೆ ಕೊಡೇ!"

ಈರಕ್ಕ ಸೆರಗಿನ ಗಂಟು ಬಿಚ್ಚಿ ಹಿಡಿ ಕಡಲೆ ಕೊಟ್ಟಳು, ಸೋಪು ಕೊಂಡಳು, ಉಜ್ಜಿದಳು. ಬುಸ್ಸನೆ ನೊರೆ ಎದ್ದಿತು. ಜಿಡ್ಡು ಕಳಚಿತು. ಕಾಲು ಹಿಂದಕ್ಕೆಳೆದುಕೊಂಡಳು, ಹಿಮ್ಮಡಿ ನೆಲ ಕಚ್ಚಿತು. ಈರಕ್ಕ ಎದ್ದು ನಿಂತಳು.

ಜಿಡ್ಡಾಸುರ ಹಾರಿ ಬಂದ. ನೊರೆ ತಾಗಿ ಅವನ ಬೆರಳು ಕರಗಿತು, ಮಂಡಿ ಕರಗಿತು, ಮೂಗೂ ಕರಗಿತು. ಉಳಿದದ್ದು ಒಂದು ಮುಂಡಾಸು, ಅದೂ ಶುಭ್ರವಾಗಿ ಒಗೆದದ್ದು.

ಮಿಕ್ಕ ಸೋಪಿಗೆ ಇಡೀ ರಾಜ್ಯ ಸಾಲು ನಿಂತಿತು. ರಾಜ ಸಾಲಿನ ಕೊನೆಗೆ ನಿಂತ, ಬಲಮೀಸೆ ಮುಚ್ಚಿಕೊಂಡು. ತಾಯಂದಿರು ಕೂಸುಗಳನ್ನು ಸೊಂಟಕ್ಕೆ ಏರಿಸಿದರು. ಕೂಸುಗಳು ಅಲ್ಲೇ ನಿಂತವು. ಅವತ್ತಿನಿಂದ ಜಾರುಗಿರಿಯಲ್ಲಿ ಎಲ್ಲರೂ ಸುಖವಾಗಿದ್ದಾರೆ. ಯಾರೂ ಜಾರುವುದಿಲ್ಲ, ಬೇಕಂತಲೇ ಜಾರುವ ಮಕ್ಕಳನ್ನು ಬಿಟ್ಟು.